ಯುರೋಪಿನ ಬೇಸಿಗೆ ಫುಟ್‌ಬಾಲ್ ಕಪ್‌ಗಳು: ಯಾವಾಗ ನೋಡಬೇಕು, ಎಲ್ಲಿ ನೋಡಬೇಕು, ಏನನ್ನು ನೋಡಬೇಕು

ಲಂಡನ್ನಿನ ಆರ್ಸೆನಲ್ ಕ್ಲಬ್ ನಡೆಸುವ ಎಮಿರೇಟ್ಸ್ ಕಪ್‌ನಲ್ಲಿ 2017ರಲ್ಲಿ ಸ್ಪೇನಿನ ಸೆವಿಯಾ ಎರಡು ಪಂದ್ಯ ಆಡಿತು, ಎರಡನ್ನೂ ಗೆದ್ದಿತು. ಎರಡನೆಯದಂತೂ ಆರ್ಸೆನಲ್ ಮೇಲೆ, ಅವರದೇ ಮೈದಾನದಲ್ಲಿ, 2-1. ಆದರೂ ಕೊನೆಗೆ ಕಪ್ ಎತ್ತಿದ್ದು ಆರ್ಸೆನಲ್. ಯಾಕೆ ಅಂದರೆ ಆ ಟೂರ್ನಿಯಲ್ಲಿ ಗೆಲುವಿಗೆ 3 ಪಾಯಿಂಟ್ ಸಿಗುವುದರ ಜೊತೆಗೆ ಹೊಡೆದ ಪ್ರತಿ ಗೋಲಿಗೂ ಒಂದೊಂದು ಪಾಯಿಂಟ್ ಇತ್ತು. ಆರ್ಸೆನಲ್ ಮೊದಲ ದಿನ ಪೋರ್ಚುಗಲ್‌ನ ಬೆನ್‌ಫಿಕಾಗೆ 5 ಗೋಲು ಹೊಡೆದಿತ್ತು. ಎರಡೂ ತಂಡಗಳಿಗೆ 9-9 ಪಾಯಿಂಟ್ ಆಯಿತು, ಗೋಲು ವ್ಯತ್ಯಾಸವೂ ಸಮ ಆಯಿತು, ಜಾಸ್ತಿ ಗೋಲು ಹೊಡೆದವರಿಗೆ ಕಪ್ ಹೋಯಿತು.

ಲೀಗ್ ಶುರುವಾಗುವ ಮುಂಚೆ ಜುಲೈ, ಆಗಸ್ಟ್ ತಿಂಗಳಲ್ಲಿ ನಡೆಯುವ ಇಂಥ ಕಪ್‌ಗಳಿಗೆ ಅವುಗಳದ್ದೇ ಲೆಕ್ಕಾಚಾರ ಇರುತ್ತದೆ. ತುಂಬಾ ಜನ ಇವನ್ನು ‘ಸುಮ್ನೆ ಫ್ರೆಂಡ್ಲಿ, ಏನಿದೆ ಅದರಲ್ಲಿ’ ಎಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಬರೀ ಸ್ಕೋರ್ ನೋಡಿ ಈ ವರ್ಷ ನಮ್ಮದೇ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬ ಮಾಡುತ್ತಾರೆ. ಎರಡರಲ್ಲೂ ನೋಡುವವನಿಗೆ ನಷ್ಟ. ಒಂದು ತಂಡ ಹೇಗೆ ಯೋಚಿಸುತ್ತಿದೆ ಎಂದು ತಿಳಿಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ ಅಂತ ನಾನು ನಂಬುತ್ತೇನೆ. ಸೋತರೆ ಕೆಲಸ ಹೋಗುತ್ತದೆ ಎಂಬ ಭಯ ಇಲ್ಲದ್ದರಿಂದ ಕೋಚ್ ಧೈರ್ಯವಾಗಿ ಹೊಸದನ್ನು ಹಾಕಿ ನೋಡುತ್ತಾನೆ, ಹುಡುಗರಿಗೆ ಅವಕಾಶ ಕೊಡುತ್ತಾನೆ. ಅದನ್ನು ಓದಲು ಕಲಿತರೆ ಲೀಗ್‌ನ ಮೊದಲ ಪಂದ್ಯಕ್ಕೆ ನೀವು ತಯಾರಾಗಿ ಕೂತಿರುತ್ತೀರಿ. ಅದಕ್ಕೇ ಈ ಲೇಖನ.

ಮೊದಲ ಹೆಜ್ಜೆ: ಒಂದು ಕಪ್ ಆರಿಸಿಕೊಳ್ಳಿ

ಎಲ್ಲವನ್ನೂ ನೋಡಲು ಹೋಗಬೇಡಿ, ತಲೆ ಕೆಡುತ್ತದೆ. ಒಂದು ತಂಡ, ಒಂದು ಕಪ್ ಸಾಕು.

ಎಮಿರೇಟ್ಸ್ ಕಪ್ 2007ರಲ್ಲಿ ಶುರುವಾಯಿತು, ಲಂಡನ್ನಿನ ಎಮಿರೇಟ್ಸ್ ಸ್ಟೇಡಿಯಂನಲ್ಲಿ ನಡೆಯುತ್ತದೆ. ಮೊದಲ ವರ್ಷ ಆರ್ಸೆನಲ್ ಜೊತೆ ಇಂಟರ್ ಮಿಲಾನ್, ಪ್ಯಾರಿಸ್‌ನ ಪಿಎಸ್‌ಜಿ, ವೆಲೆನ್ಸಿಯಾ ಆಡಿದ್ದವು. 2017ರವರೆಗೆ ನಾಲ್ಕು ತಂಡ, ಎರಡು ದಿನ, ದಿನಕ್ಕೆ ಎರಡು ಪಂದ್ಯ. ಮಧ್ಯೆ 2012ರಲ್ಲಿ ಲಂಡನ್ ಒಲಿಂಪಿಕ್ಸ್ ಇದ್ದುದರಿಂದ ನಡೆಯಲಿಲ್ಲ. 2019ರಿಂದ ಅದು ಪುರುಷರ ಒಂದೇ ಪಂದ್ಯಕ್ಕೆ ಇಳಿದಿದೆ. ಹಳೆಯ ರೂಪವೇ ಚೆನ್ನಾಗಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಎರಡು ದಿನದಲ್ಲಿ ನಾಲ್ಕು ತಂಡ ಕಣ್ಣಿಗೆ ಬೀಳುತ್ತಿದ್ದವು.

ಬಾರ್ಸಿಲೋನಾದ ಜುವಾನ್ ಗ್ಯಾಂಪರ್ ಟ್ರೋಫಿ 1966ರಿಂದ ಇದೆ, ಕ್ಲಬ್ ಸ್ಥಾಪಿಸಿದವರ ಹೆಸರಿನಲ್ಲಿ. ಇದೂ ಮೊದಲು ನಾಲ್ಕು ತಂಡದ ಟೂರ್ನಿ ಆಗಿತ್ತು, ಈಗ ಒಂದೇ ಪಂದ್ಯ, ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. ಸ್ಪೇನಿನಲ್ಲಿ ಇದಕ್ಕಿಂತ ಹಳೆಯವು ಇವೆ. ಲಾ ಕೊರುನಾದ ತೆರೇಸಾ ಎರೇರಾ ಟ್ರೋಫಿ 1946ರದ್ದು. 18ನೇ ಶತಮಾನದಲ್ಲಿ ಆ ಊರಿನ ಬಡವರ ಆಸ್ಪತ್ರೆಗಾಗಿ ತನ್ನ ಆಸ್ತಿ ಕೊಟ್ಟ ಹೆಂಗಸಿನ ಹೆಸರು ಅದು. ಕಾಡಿಸ್ ಊರಿನ ರಾಮೋನ್ ದೆ ಕರಾಂಸಾ ಟ್ರೋಫಿ 1955ರದ್ದು, ಇದರ ಬಗ್ಗೆ ಮುಂದೆ ಮತ್ತೆ ಹೇಳುತ್ತೇನೆ.

ಮ್ಯೂನಿಕ್‌ನ ಆಡಿ ಕಪ್ 2009ರಿಂದ 2019ರವರೆಗೆ ಎರಡು ವರ್ಷಕ್ಕೊಮ್ಮೆ ನಡೆಯಿತು. ಅಮೆರಿಕಾದಲ್ಲಿ 2013ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಚಾಂಪಿಯನ್ಸ್ ಕಪ್ ಇವೆಲ್ಲಕ್ಕಿಂತ ದೊಡ್ಡ ಜನ ಸೇರಿಸಿತು: 2014ರ ಆಗಸ್ಟ್ 2ರಂದು ಮಿಷಿಗನ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ರಿಯಲ್ ಮ್ಯಾಡ್ರಿಡ್ ಆಡಿದಾಗ ಬಂದವರು 1,09,318 ಜನ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ತಾನೇ ನಡೆಸುವ ಸಮ್ಮರ್ ಸೀರೀಸ್ 2023 ಮತ್ತು 2025ರಲ್ಲಿ ಅಮೆರಿಕಾದಲ್ಲಿ ನಡೆಯಿತು.

ಲೀಗ್‌ಗೆ ಹತ್ತಿರ ಇರುವ ಕಪ್ ಆರಿಸಿ, ಇದು ನನ್ನ ಸಲಹೆ. ಜುಲೈ ಮಧ್ಯದಲ್ಲಿ ಅಮೆರಿಕಾದಲ್ಲಿ ಆಡುವ ತಂಡ ಇನ್ನೂ ಅರ್ಧ ಬೆಂದಿರುತ್ತದೆ. ಆಗಸ್ಟ್ ಮೊದಲ ಎರಡು ವಾರದ ಎಮಿರೇಟ್ಸ್ ಕಪ್ ಅಥವಾ ಗ್ಯಾಂಪರ್‌ಗೆ ಬರುವ ಹೊತ್ತಿಗೆ ಮೊದಲ ಲೀಗ್ ಪಂದ್ಯದಲ್ಲಿ ಆಡುವ ಹನ್ನೊಂದು ಜನರಲ್ಲಿ ಹೆಚ್ಚಿನವರು ಮೈದಾನದಲ್ಲಿ ಕಾಣುತ್ತಾರೆ.

ಎರಡನೆಯದು: ಗಡಿಯಾರ

ಅಲ್ಲಿನ ಬೇಸಿಗೆ ಅಂದರೆ ನಮ್ಮ ಆಷಾಢ, ಶ್ರಾವಣ. ಆಗ ಯುರೋಪಿನ ಗಡಿಯಾರ ಒಂದು ಗಂಟೆ ಮುಂದೆ ಇರುತ್ತದೆ, ಅದಕ್ಕೆ ಚಳಿಗಾಲದ ಲೀಗ್ ಸಮಯ ನೆನಪಿಟ್ಟುಕೊಂಡರೆ ತಪ್ಪಾಗುತ್ತದೆ. ಇಂಗ್ಲೆಂಡ್, ಪೋರ್ಚುಗಲ್ ಸಮಯಕ್ಕೆ ನಾಲ್ಕೂವರೆ ಗಂಟೆ ಕೂಡಿಸಿ. ಸ್ಪೇನ್, ಜರ್ಮನಿ, ಇಟಲಿ, ಫ್ರಾನ್ಸ್ ಸಮಯಕ್ಕೆ ಮೂರೂವರೆ ಗಂಟೆ. ಲಂಡನ್ನಿನಲ್ಲಿ ಮಧ್ಯಾಹ್ನ 3 ಅಂದರೆ ನಮಗೆ ಸಂಜೆ ಏಳೂವರೆ, ಬಾರ್ಸಿಲೋನಾದಲ್ಲಿ ರಾತ್ರಿ 8 ಅಂದರೆ ನಮಗೆ ಹನ್ನೊಂದೂವರೆ. ಅಮೆರಿಕಾ ಪಂದ್ಯಗಳಿಗೆ ತಾರೀಖೇ ಬದಲಾಗುತ್ತದೆ: ನ್ಯೂಯಾರ್ಕ್ ಕಡೆ ಶುಕ್ರವಾರ ರಾತ್ರಿ ಏಳೂವರೆಯ ಪಂದ್ಯ ಬೆಂಗಳೂರಿನಲ್ಲಿ ಶನಿವಾರ ಬೆಳಗಿನ ಜಾವ 5ಕ್ಕೆ, ಲಾಸ್ ಏಂಜಲಿಸ್‌ನಲ್ಲಾದರೆ ಬೆಳಗ್ಗೆ 8ಕ್ಕೆ.

ನಮಗೆ ತುಂಬಾ ಅನುಕೂಲ ಅಂದರೆ ಸಿಂಗಪುರ, ಹಾಂಗ್‌ಕಾಂಗ್. ಅಲ್ಲಿ ರಾತ್ರಿ ಏಳೂವರೆಗೆ ಕಿಕ್ ಆಫ್ ಆದರೆ ನಮಗೆ ಸಂಜೆ 5 ಗಂಟೆ. 2025ರ ಜುಲೈನಲ್ಲಿ ಆರ್ಸೆನಲ್ ಸಿಂಗಪುರದಲ್ಲಿ ಎಸಿ ಮಿಲಾನ್ ಮತ್ತು ನ್ಯೂಕ್ಯಾಸಲ್ ಮೇಲೆ ಆಡಿ, ಆಮೇಲೆ ಹಾಂಗ್‌ಕಾಂಗ್‌ನಲ್ಲಿ ಟಾಟನಮ್ ಮೇಲೆ ಆಡಿತ್ತು.

ಸಮಯ, ಸ್ಥಳ ಎರಡನ್ನೂ ಕ್ಲಬ್‌ನ ಸ್ವಂತ ವೆಬ್‌ಸೈಟಿನಲ್ಲೇ ನೋಡಿ, ಅದೂ ಪಂದ್ಯದ ಹಿಂದಿನ ದಿನ ಇನ್ನೊಮ್ಮೆ. 2025ರ ಗ್ಯಾಂಪರ್ ಪಂದ್ಯವನ್ನೇ ತಗೊಳ್ಳಿ. ಬಾರ್ಸಿಲೋನಾದ ದೊಡ್ಡ ಸ್ಟೇಡಿಯಂ ಕ್ಯಾಂಪ್ ನೌ ಕೆಲಸ ಮುಗಿಯದ ಕಾರಣ ಅದು ಕೇವಲ 6,000 ಸೀಟಿನ ಯೊಹಾನ್ ಕ್ರೈಫ್ ಮೈದಾನದಲ್ಲಿ ನಡೆಯಿತು.

ಎಲ್ಲಿ ನೋಡುವುದು

ಲೀಗ್ ತೋರಿಸುವ ಚಾನೆಲ್‌ನಲ್ಲೇ ಈ ಪಂದ್ಯಗಳೂ ಬರುತ್ತವೆ ಎಂದುಕೊಂಡು ಕೂರಬೇಡಿ. ಲೀಗ್ ಹಕ್ಕು ಬೇರೆ, ಈ ಪಂದ್ಯಗಳ ಹಕ್ಕು ಬೇರೆ. ಇವುಗಳ ಹಕ್ಕು ಸಾಮಾನ್ಯವಾಗಿ ಕ್ಲಬ್ ಅಥವಾ ಟೂರ್ನಿ ನಡೆಸುವವರ ಕೈಯಲ್ಲಿ ಇರುತ್ತದೆ. ದೊಡ್ಡ ಕ್ಲಬ್‌ಗಳು ತಮ್ಮ ಆ್ಯಪ್‌ನಲ್ಲಿ ಪಂದ್ಯಕ್ಕೆ ಇಷ್ಟು ಎಂದೋ ತಿಂಗಳಿಗೆ ಇಷ್ಟು ಎಂದೋ ತಗೊಂಡು ಲೈವ್ ಕೊಡುತ್ತವೆ, ಕೆಲವು ಯೂಟ್ಯೂಬಿನಲ್ಲಿ ಉಚಿತವಾಗಿ ಹಾಕುತ್ತವೆ. ದುಡ್ಡು ಕಟ್ಟುವ ಮುಂಚೆ ಆ ಪಂದ್ಯ ಭಾರತದಲ್ಲಿ ತೆರೆಯುತ್ತದಾ ಎಂದು ಖಚಿತ ಮಾಡಿಕೊಳ್ಳಿ, ಸಣ್ಣ ಅಕ್ಷರದಲ್ಲಿ ದೇಶಗಳ ಪಟ್ಟಿ ಇರುತ್ತದೆ. ಲೈವ್ ಸಿಗದಿದ್ದರೆ ಎದುರಾಳಿ ಕ್ಲಬ್‌ನ ಚಾನೆಲ್ ನೋಡಿ. ಇದು ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಒಂದು ಕಡೆ ದುಡ್ಡು ಕೇಳಿದರೆ ಇನ್ನೊಂದು ಕಡೆ ಪುಕ್ಕಟೆ ಇರುವುದುಂಟು.

ಕಾರ್ಡ್ ನಂಬರ್ ಕೇಳುವ, ಯಾವುದೋ ಫೈಲ್ ಇಳಿಸಿಕೊಳ್ಳಿ ಅನ್ನುವ ಕಳ್ಳ ಲಿಂಕ್‌ಗಳ ಹತ್ತಿರ ಹೋಗಬೇಡಿ. ಪೂರ್ತಿ ಪಂದ್ಯದ ಮರುಪ್ರಸಾರ ಕ್ಲಬ್ ಆ್ಯಪ್‌ನಲ್ಲಿ ಮಾರನೇ ದಿನ ಸಿಗುವುದುಂಟು, ಈ ಕೆಲಸಕ್ಕೆ ಅದು ಧಾರಾಳ ಸಾಕು. ಐದು ನಿಮಿಷದ ಹೈಲೈಟ್ಸ್ ಮಾತ್ರ ಸಾಕಾಗುವುದಿಲ್ಲ, ನಮಗೆ ಬೇಕಾದ ಒಂದೂ ಅದರಲ್ಲಿ ಇರುವುದಿಲ್ಲ.

ಆ ಕಪ್‌ನ ನಿಯಮ ಓದಿಕೊಳ್ಳಿ

ಎರಡು ನಿಮಿಷದ ಕೆಲಸ, ಆದರೆ ಮಾಡಿ. ಗೋಲಿಗೆ ಪಾಯಿಂಟ್ ಇದೆಯಾ? ಸಮ ಆದರೆ ನೇರವಾಗಿ ಪೆನಾಲ್ಟಿಯಾ? 2023ರ ಎಮಿರೇಟ್ಸ್ ಕಪ್‌ನಲ್ಲಿ ಮೊನಾಕೊ ಜೊತೆ 1-1 ಆದಾಗ ಪೆನಾಲ್ಟಿಯಲ್ಲಿ ಆರ್ಸೆನಲ್ 5-4ರಿಂದ ಗೆದ್ದಿತು. ಎಷ್ಟು ಸಬ್? ಆಟದ ನಿಯಮದ ಪ್ರಕಾರ ಫ್ರೆಂಡ್ಲಿಯಲ್ಲಿ ಎರಡೂ ತಂಡ ಒಪ್ಪಿ, ರೆಫರಿಗೆ ಮೊದಲೇ ತಿಳಿಸಿದರೆ ಐದಕ್ಕಿಂತ ಹೆಚ್ಚು ಜನರನ್ನು ಬದಲಾಯಿಸಬಹುದು. ಅದಕ್ಕೇ ಒಂದೇ ಸಲಕ್ಕೆ ಎಂಟು, ಹತ್ತು ಜನ ಒಳಗೆ ಬರುವುದು ಕಾಣುತ್ತದೆ.

ಪೆನಾಲ್ಟಿ ಶೂಟೌಟ್ ಅನ್ನುವುದೇ ಇಂಥ ಬೇಸಿಗೆ ಕಪ್‌ಗಳಲ್ಲಿ ಬೆಳೆದದ್ದು ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. 1962ರಲ್ಲಿ ಕಾಡಿಸ್‌ನ ಕರಾಂಸಾ ಟ್ರೋಫಿ ಫೈನಲ್ಲನ್ನು ಬಾರ್ಸಿಲೋನಾ ಮತ್ತು ಸರಗೋಸಾ ಮಧ್ಯೆ ಪೆನಾಲ್ಟಿಗಳಿಂದ ತೀರ್ಮಾನ ಮಾಡಿದರು. 1970ರಲ್ಲಿ ಅದು ಆಟದ ನಿಯಮಕ್ಕೆ ಸೇರಿತು, ಅದೇ ವರ್ಷ ಆಗಸ್ಟ್ 5ರಂದು ಇಂಗ್ಲೆಂಡಿನಲ್ಲಿ ಮೊದಲ ಶೂಟೌಟ್ ನಡೆಯಿತು. ಅದೂ ವಾಟ್ನಿ ಕಪ್ ಎಂಬ ಸೀಸನ್ ಮುಂಚಿನ ಟೂರ್ನಿಯಲ್ಲಿ, ಹಲ್ ಸಿಟಿ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್. ಮೊದಲು ಹೊಡೆದವರು ಯುನೈಟೆಡ್‌ನ ಜಾರ್ಜ್ ಬೆಸ್ಟ್. ಮೊದಲು ಗೋಲು ಕಳೆದುಕೊಂಡವರು ಅದೇ ತಂಡದ ಡೆನಿಸ್ ಲಾ. ವಿಶ್ವಕಪ್ ಫೈನಲ್‌ಗಳನ್ನೇ ತೀರ್ಮಾನ ಮಾಡುವ ಒಂದು ಪದ್ಧತಿ ‘ಲೆಕ್ಕಕ್ಕಿಲ್ಲದ’ ಪಂದ್ಯಗಳಲ್ಲಿ ಪರೀಕ್ಷೆ ಆಗಿ ಬಂದಿದೆ ನೋಡಿ.

ಕಿಕ್ ಆಫ್ ಮುಂಚೆ ಹತ್ತು ನಿಮಿಷ

ಇಲ್ಲಿ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ: ಈ ಎರಡು ತಂಡಗಳು ತಯಾರಿಯ ಯಾವ ವಾರದಲ್ಲಿವೆ?

ಸಾಮಾನ್ಯವಾಗಿ ತಯಾರಿ ಐದಾರು ವಾರ ಇರುತ್ತದೆ. ಮೊದಲ ಪಂದ್ಯಗಳಲ್ಲಿ ಒಬ್ಬ ಆಟಗಾರ 45 ನಿಮಿಷ ಆಡುತ್ತಾನೆ, ಆಮೇಲೆ 60, ಕೊನೆಯ ಪಂದ್ಯದ ಹೊತ್ತಿಗೆ 75ರಿಂದ 90. ಮೊದಲ ವಾರಗಳಲ್ಲಿ ಬೆಳಗ್ಗೆ, ಸಂಜೆ ಎರಡೂ ಹೊತ್ತು ಅಭ್ಯಾಸ ಇರುವುದರಿಂದ ಕಾಲು ಭಾರ. ಪಾಸ್ ಸ್ವಲ್ಪ ಹಿಂದೆ ಬೀಳುತ್ತದೆ, ಓಟ ಅರ್ಧ ಸೆಕೆಂಡ್ ತಡವಾಗುತ್ತದೆ. ಅದನ್ನು ನೋಡಿ ‘ಇವನಿಗೆ ವಯಸ್ಸಾಯ್ತು’ ಅನ್ನುವುದು ಅನ್ಯಾಯ.

ಎರಡು ತಂಡಗಳು ಬೇರೆ ಬೇರೆ ವಾರದಲ್ಲಿದ್ದಾಗ ಸ್ಕೋರ್‌ಗೆ ಅರ್ಥವೇ ಬದಲಾಗುತ್ತದೆ. 2011ರ ಎಮಿರೇಟ್ಸ್ ಕಪ್ ಗೆದ್ದದ್ದು ಯುರೋಪಿನ ತಂಡವೇ ಅಲ್ಲ, ತಿಯೆರಿ ಆನ್ರಿ ಇದ್ದ ನ್ಯೂಯಾರ್ಕ್ ರೆಡ್ ಬುಲ್ಸ್. ಅಮೆರಿಕಾದ ಲೀಗ್ ಮಾರ್ಚ್‌ನಲ್ಲೇ ಶುರುವಾಗುತ್ತಿದ್ದ ಕಾರಣ ಅವರು ತಮ್ಮ ಸೀಸನ್ ನಡುವೆ ಇದ್ದರು, ಆರ್ಸೆನಲ್ ಮತ್ತು ಪಿಎಸ್‌ಜಿ ಇನ್ನೂ ಮೈ ಬಿಸಿ ಮಾಡಿಕೊಳ್ಳುತ್ತಿದ್ದವು. ಇನ್ನೊಂದು ಉದಾಹರಣೆ 2025ರದ್ದು. ಪಿಎಸ್‌ಜಿ ಜುಲೈ 13ರಂದು ಕ್ಲಬ್ ವಿಶ್ವಕಪ್ ಫೈನಲ್ ಆಡಿ ಚೆಲ್ಸಿಗೆ 0-3ರಿಂದ ಸೋತು, ರಜೆ ತಗೊಂಡು, ಸರಿಯಾಗಿ ತಯಾರಿಯೇ ಇಲ್ಲದೆ ಆಗಸ್ಟ್ 13ರಂದು ಯುರೋಪಿನ ಸೂಪರ್ ಕಪ್‌ಗೆ ಇಳಿಯಿತು. ಪೂರ್ತಿ ತಯಾರಿ ಮುಗಿಸಿ ಬಂದಿದ್ದ ಟಾಟನಮ್ 85ನೇ ನಿಮಿಷದವರೆಗೆ 2-0 ಮುಂದಿತ್ತು. ಕೊನೆಗೆ ಪಿಎಸ್‌ಜಿ ಎರಡು ಗೋಲು ಹೊಡೆದು ಪೆನಾಲ್ಟಿಯಲ್ಲಿ ಗೆದ್ದಿತು, ಆದರೆ ಆ 85 ನಿಮಿಷ ಅವರ ಕಾಲುಗಳ ಸ್ಥಿತಿ ಹೇಳುತ್ತಿತ್ತು.

ಹಾಗಾಗಿ ಮೂರು ವಿಷಯ ಬರೆದಿಟ್ಟುಕೊಳ್ಳಿ. ತಂಡ ಅಭ್ಯಾಸಕ್ಕೆ ಮರಳಿದ್ದು ಯಾವಾಗ. ದೇಶದ ಪರ ವಿಶ್ವಕಪ್, ಯೂರೋ, ಕೋಪಾ ಅಮೆರಿಕಾ ಆಡಿ ತಡವಾಗಿ ಬಂದವರು ಯಾರು. 2026ರ ವಿಶ್ವಕಪ್ ಫೈನಲ್ ಜುಲೈ 19ಕ್ಕೆ ಅಂದರೆ, ಕೊನೆಯವರೆಗೆ ಹೋದ ಆಟಗಾರ ರಜೆ ಮುಗಿಸಿ ಬರುವ ಹೊತ್ತಿಗೆ ಆಗಸ್ಟ್ ಬಂದಿರುತ್ತದೆ. ಮೂರನೆಯದು, ಯಾವ ತಂಡಕ್ಕೆ ಯುರೋಪಿನ ಕ್ಲಬ್ ಟೂರ್ನಿಗಳ ಅರ್ಹತಾ ಪಂದ್ಯಗಳು ಬೇಗ ಇವೆ. ಅಂಥವರು ಬೇರೆಯವರಿಗಿಂತ ಮುಂಚೆ ತಯಾರಾಗಿರುತ್ತಾರೆ.

ಪಂದ್ಯ ನಡೆಯುವಾಗ

ಒಂದು ಹಾಳೆ, ಒಂದು ಪೆನ್ ಹತ್ತಿರ ಇಟ್ಟುಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಫೋನ್ ಮುಟ್ಟಬೇಡಿ. ಎಲ್ಲರ ಕಾಲಲ್ಲೂ ಶಕ್ತಿ ಇರುವ, ಕೋಚ್ ಹೇಳಿದ್ದು ತಲೆಯಲ್ಲಿ ಹಸಿಯಾಗಿರುವ ಹೊತ್ತು ಅದು. ಆಮೇಲಿನ ಒಂದು ಗಂಟೆಗಿಂತ ಈ ಇಪ್ಪತ್ತು ನಿಮಿಷ ಜಾಸ್ತಿ ಹೇಳುತ್ತದೆ.

ಮೊದಲು ಚೆಂಡು ಗೋಲ್ ಕೀಪರ್ ಹತ್ತಿರ ಇದ್ದಾಗ ನೋಡಿ. ಡಿಫೆಂಡರ್‌ಗಳು ಎಲ್ಲಿ ನಿಲ್ಲುತ್ತಾರೆ? ಫುಲ್ ಬ್ಯಾಕ್, ಅಂದರೆ ಅಂಚಿನ ಡಿಫೆಂಡರ್, ಗೆರೆಗೆ ಅಂಟಿಕೊಂಡಿದ್ದಾನಾ, ಒಳಗೆ ಬಂದು ಮಿಡ್‌ಫೀಲ್ಡರ್ ಪಕ್ಕ ನಿಂತಿದ್ದಾನಾ? ಕೀಪರ್ ಗಿಡ್ಡ ಪಾಸ್ ಕೊಡುತ್ತಾನಾ, ಉದ್ದ ಹೊಡೆಯುತ್ತಾನಾ? ಹಾಳೆಯ ಮೇಲೆ ಹನ್ನೊಂದು ಚುಕ್ಕಿ ಇಟ್ಟು ಬರೆದುಕೊಳ್ಳಿ. ಆಮೇಲೆ ಚೆಂಡು ಎದುರಾಳಿ ಹತ್ತಿರ ಇದ್ದಾಗಿನ ಇನ್ನೊಂದು ಚಿತ್ರ. ಈ ಎರಡು ಚಿತ್ರ ಒಂದೇ ಥರ ಇರುವುದಿಲ್ಲ, ಇವತ್ತಿನ ದೊಡ್ಡ ತಂಡಗಳಲ್ಲಂತೂ ಇರುವುದೇ ಇಲ್ಲ. ಟಿವಿಯವರು ಮೊದಲೇ ತೋರಿಸುವ 4-3-3 (ನಾಲ್ಕು ಡಿಫೆಂಡರ್, ಮೂರು ಮಿಡ್‌ಫೀಲ್ಡರ್, ಮೂರು ಫಾರ್ವರ್ಡ್) ಅನ್ನುವ ಗ್ರಾಫಿಕ್ ಬರೀ ಹೆಸರಿಗೆ.

ನಂತರ ಪ್ರೆಸ್, ಅಂದರೆ ಎದುರಾಳಿ ಮೇಲೆ ನುಗ್ಗಿ ಚೆಂಡು ಕಿತ್ತುಕೊಳ್ಳುವುದು. ಚೆಂಡು ಕಳೆದುಕೊಂಡ ತಕ್ಷಣ ಹತ್ತಿರದ ಮೂವರು ಏನು ಮಾಡುತ್ತಾರೆ, ಮುಂದೆ ನುಗ್ಗುತ್ತಾರಾ, ಹಿಂದೆ ಓಡುತ್ತಾರಾ? 2022ರ ಎಮಿರೇಟ್ಸ್ ಕಪ್‌ನಲ್ಲಿ ಆರ್ಸೆನಲ್ ಸೆವಿಯಾವನ್ನು 6-0 ಸೋಲಿಸಿತು, ಆಗ ತಾನೇ ಮ್ಯಾಂಚೆಸ್ಟರ್ ಸಿಟಿಯಿಂದ ಬಂದಿದ್ದ ಗೇಬ್ರಿಯಲ್ ಜೀಸಸ್ ಮೂರು ಗೋಲು ಹೊಡೆದರು. ಎಲ್ಲರೂ ಆ ಮೂರು ಗೋಲಿನ ಬಗ್ಗೆ ಮಾತಾಡಿದರು. ನಿಜವಾಗಿ ನೋಡಬೇಕಿದ್ದದ್ದು ತಂಡ ಎಷ್ಟು ಮುಂದೆ ಹೋಗಿ ಚೆಂಡು ಕಿತ್ತುಕೊಳ್ಳುತ್ತಿತ್ತು, ಜೀಸಸ್ ಎಷ್ಟು ಸಲ ಹಿಂದೆ ಬಂದು ಪಕ್ಕದವರಿಗೆ ಜಾಗ ಮಾಡಿಕೊಡುತ್ತಿದ್ದರು ಅನ್ನುವುದನ್ನು. ಆ ಸೀಸನ್ ಅವರ ಲೀಗ್ ಗೋಲು 11 ಮಾತ್ರ, ಆದರೆ ತಂಡ ಬಹಳ ತಿಂಗಳು ಲೀಗ್‌ನ ತುದಿಯಲ್ಲಿತ್ತು, ಕೊನೆಗೆ ಎರಡನೇ ಸ್ಥಾನ ಪಡೆಯಿತು.

ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್) ಬಂದಾಗ ನೀರು ಕುಡಿಯಲು ಎದ್ದು ಹೋಗಬೇಡಿ. ಬೇಸಿಗೆಯಿಂದ ಲೀಗ್‌ಗೆ ಹಾಗೇ ದಾಟಿ ಹೋಗುವ ಕೆಲವೇ ವಿಷಯಗಳಲ್ಲಿ ಇದು ಒಂದು, ಯಾಕೆಂದರೆ ಕಾರ್ನರ್‌ಗೆ ಫಿಟ್‌ನೆಸ್ ಅಷ್ಟು ಬೇಕಿಲ್ಲ, ಅಭ್ಯಾಸ ಬೇಕು. 2024ರ ಎಮಿರೇಟ್ಸ್ ಕಪ್‌ನಲ್ಲಿ ಲಿಯಾನ್ ಮೇಲೆ ಆರ್ಸೆನಲ್ 2-0 ಗೆದ್ದಾಗ ಎರಡೂ ಗೋಲು ಡೆಕ್ಲನ್ ರೈಸ್ ಕಾರ್ನರ್‌ಗಳಿಂದ, ಸಲಿಬಾ ಮತ್ತು ಗೇಬ್ರಿಯಲ್ ಹೆಡರ್. ಮುಂದಿನ ತಿಂಗಳೇ ಟಾಟನಮ್ ಮೈದಾನದಲ್ಲಿ 1-0 ಗೆದ್ದರು. ಆ ಒಂದು ಗೋಲು ಕೂಡ ಕಾರ್ನರ್‌ನಿಂದ, ಗೇಬ್ರಿಯಲ್ ಹೆಡರ್! ಆಗಸ್ಟ್‌ನಲ್ಲಿ ಗಮನ ಇಟ್ಟು ನೋಡಿದವರಿಗೆ ಅದು ಆಶ್ಚರ್ಯ ಆಗಿರಲಾರದು.

ಇನ್ನು ಹುಡುಗರು. ಈ ಪಂದ್ಯಗಳ ದೊಡ್ಡ ಖುಷಿ ಇದೇ, ಮೋಸ ಹೋಗುವುದೂ ಇಲ್ಲೇ. 2009ರ ಎಮಿರೇಟ್ಸ್ ಕಪ್‌ನಲ್ಲಿ 17 ವರ್ಷದ ಜಾಕ್ ವಿಲ್‌ಶಿಯರ್ ರೇಂಜರ್ಸ್ ಮೇಲೆ ಎರಡು ಗೋಲು ಹೊಡೆದ. ಮುಂದೆ ಅವನು ಆರ್ಸೆನಲ್‌ಗೂ ಇಂಗ್ಲೆಂಡ್‌ಗೂ ಆಡಿದ. 2014ರಲ್ಲಿ ಅದೇ ಕಪ್‌ನಲ್ಲಿ ಯಾಯಾ ಸನೋಗೊ ಬೆನ್‌ಫಿಕಾ ಮೇಲೆ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ. ಆರ್ಸೆನಲ್ ಪರ ಲೆಕ್ಕಕ್ಕೆ ಬರುವ ಪಂದ್ಯಗಳಲ್ಲಿ ಅವನಿಂದ ಬಂದದ್ದು ಒಟ್ಟು ಒಂದೇ ಗೋಲು, ಅದೇ ವರ್ಷ ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಜರ್ಮನಿಯ ಡಾರ್ಟ್‌ಮಂಡ್ ಮೇಲೆ. ಸ್ಕೋರ್ ಕಾರ್ಡ್ ನೋಡಿದ್ದರೆ ಯಾರಾದರೂ ಸನೋಗೊ ಮೇಲೆಯೇ ಬಾಜಿ ಕಟ್ಟುತ್ತಿದ್ದರು, ಅಲ್ವಾ?

ಹಾಗಾದರೆ ಹುಡುಗನಲ್ಲಿ ಏನು ನೋಡಬೇಕು? ಗೋಲು ಬಿಟ್ಟು ಬೇರೆ ಎಲ್ಲ. ಎದುರಾಳಿ ಬೆನ್ನಿಗೆ ಅಂಟಿರುವಾಗಲೂ ಚೆಂಡು ಕೇಳುತ್ತಾನಾ? ಬರುವ ಮುಂಚೆ ತಲೆ ತಿರುಗಿಸಿ ಸುತ್ತ ನೋಡುತ್ತಾನಾ? ಒಂದು ಪಾಸ್ ತಪ್ಪಿದ ಮೇಲೆ ಅಡಗಿಕೊಳ್ಳುತ್ತಾನಾ, ಮತ್ತೆ ಕೇಳುತ್ತಾನಾ? ಮತ್ತೆ, ಕೋಚ್ ಅವನನ್ನು ಯಾರ ಜೊತೆ ಇಳಿಸಿದ? ಕೊನೆ ಹತ್ತು ನಿಮಿಷ ಬೇರೆ ಹುಡುಗರ ಜೊತೆ ಇಳಿದರೆ ಅದು ಅನುಭವಕ್ಕೆ. ಮೊದಲ ತಂಡದವರು ಮೈದಾನದಲ್ಲಿ ಇರುವಾಗ ಅವರ ಮಧ್ಯೆ ಇಳಿಸಿದರೆ ಕೋಚ್ ಗಂಭೀರವಾಗಿದ್ದಾನೆ. 2025ರ ಬೇಸಿಗೆಯಲ್ಲಿ 15 ವರ್ಷದ ಮ್ಯಾಕ್ಸ್ ಡೌಮನ್‌ನನ್ನು ಆರ್ಸೆನಲ್ ತಯಾರಿ ಪಂದ್ಯಗಳಲ್ಲಿ ಆಡಿಸಿತು, ಆಗಸ್ಟ್ 23ರಂದು ಲೀಡ್ಸ್ ಮೇಲೆ ಅವನು ಪ್ರೀಮಿಯರ್ ಲೀಗ್‌ಗೇ ಬಂದ.

ಅರವತ್ತನೇ ನಿಮಿಷದ ಸುಮಾರಿಗೆ ಸಬ್‌ಗಳ ಸಾಲು ಬರುತ್ತದೆ. ಅಲ್ಲಿಂದ ಅದು ಬೇರೆ ಪಂದ್ಯ. ಹಾಳೆಯಲ್ಲಿ ಒಂದು ಅಡ್ಡ ಗೆರೆ ಹಾಕಿ, ಆವಾಗಿನ ಸ್ಕೋರ್ ಬರೆಯಿರಿ. ನಿಮಗೆ ಬೇಕಾದ ಸ್ಕೋರ್ ಅದು. ಜೊತೆಗೆ ಯಾರು ಯಾರ ಪಕ್ಕ ಆಡಿದರು ಎಂದು ಗುರುತು ಹಾಕಿ. ಇಬ್ಬರು ಸೆಂಟರ್ ಬ್ಯಾಕ್‌ಗಳು (ಮಧ್ಯದ ಡಿಫೆಂಡರ್‌ಗಳು) ಮೂರು ಪಂದ್ಯದಲ್ಲೂ ಒಟ್ಟಿಗೆ ಇಳಿದು ಒಟ್ಟಿಗೆ ಹೊರಬಂದರೆ ಲೀಗ್‌ನ ಮೊದಲ ದಿನ ಅವರೇ ಇರುತ್ತಾರೆ ಎಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು.

ಸ್ಕೋರನ್ನು ಎಲ್ಲಿ ಇಡಬೇಕು

2014ರಲ್ಲಿ ಹೊಸ ಕೋಚ್ ಲೂಯಿಸ್ ವಾನ್ ಹಾಲ್ ಕೈಗೆ ಬಂದ ಮ್ಯಾಂಚೆಸ್ಟರ್ ಯುನೈಟೆಡ್ ಅಮೆರಿಕಾದಲ್ಲಿ ಆ ಇಂಟರ್‌ನ್ಯಾಷನಲ್ ಚಾಂಪಿಯನ್ಸ್ ಕಪ್ ಗೆದ್ದಿತು, ಫೈನಲ್‌ನಲ್ಲಿ ಲಿವರ್‌ಪೂಲ್ 3-1ರಿಂದ ಸೋತಿತು. ಆಗಸ್ಟ್ 16ರಂದು ಲೀಗ್‌ನ ಮೊದಲ ಪಂದ್ಯ, ಸ್ವಂತ ಮೈದಾನ, ಎದುರಿಗೆ ಸ್ವಾನ್ಸಿ. ಯುನೈಟೆಡ್ 1-2ರಿಂದ ಸೋತಿತು. ಅದೇ ತಿಂಗಳು ಕೆಳಗಿನ ಡಿವಿಷನ್‌ನ ಎಂಕೆ ಡಾನ್ಸ್ ತಂಡ ಯುನೈಟೆಡ್ ಅನ್ನು ಲೀಗ್ ಕಪ್‌ನಲ್ಲಿ 4-0 ಮುಗಿಸಿತು.

ಉಲ್ಟಾ ಉದಾಹರಣೆ 2019ರದ್ದು. ನ್ಯೂಜೆರ್ಸಿಯಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ 7, ರಿಯಲ್ ಮ್ಯಾಡ್ರಿಡ್ 3. ಡಿಯಾಗೊ ಕೋಸ್ಟಾ ಒಬ್ಬರೇ ನಾಲ್ಕು ಗೋಲು. ಆ ದಿನ ರಿಯಲ್ ಕೋಚ್ ಝಿದಾನ್ ಕಥೆ ಮುಗಿಯಿತು ಅಂದವರು ಎಷ್ಟೋ ಜನ. ಆ ಸೀಸನ್ ಸ್ಪೇನಿನ ಲೀಗ್ ಗೆದ್ದದ್ದು ಅದೇ ರಿಯಲ್ ಮ್ಯಾಡ್ರಿಡ್.

ಆದರೆ ‘ಸ್ಕೋರ್‌ಗೆ ಅರ್ಥವೇ ಇಲ್ಲ’ ಅನ್ನುವುದೂ ಪೂರ್ತಿ ಸರಿಯಲ್ಲ. 2024ರ ಆಗಸ್ಟ್ 12ರ ಗ್ಯಾಂಪರ್‌ನಲ್ಲಿ ಕೋಚ್ ಹನ್ಸಿ ಫ್ಲಿಕ್ ಅವರ ಬಾರ್ಸಿಲೋನಾವನ್ನು ಮೊನಾಕೊ 3-0 ಸೋಲಿಸಿತು. ಆ ಬಾರ್ಸಿಲೋನಾ ಆ ವರ್ಷ ಸ್ಪೇನಿನ ಲೀಗ್ ಲಾ ಲೀಗಾ, ಅಲ್ಲಿನ ಕಪ್ ಕೋಪಾ ದೆಲ್ ರೇ, ಸ್ಪ್ಯಾನಿಷ್ ಸೂಪರ್ ಕಪ್ ಮೂರನ್ನೂ ಗೆದ್ದಿತು, ಹಾಗಾಗಿ 3-0 ಸುಳ್ಳು ಅನ್ನಬಹುದು. ಆದರೆ ಸೆಪ್ಟೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್‌ನ ಮೊದಲ ಪಂದ್ಯಕ್ಕೆ ಅದೇ ಮೊನಾಕೊ ಸಿಕ್ಕಿತು, ಹನ್ನೊಂದನೇ ನಿಮಿಷಕ್ಕೆ ಎರಿಕ್ ಗಾರ್ಸಿಯಾಗೆ ರೆಡ್ ಕಾರ್ಡ್ ಬಿತ್ತು, ಬಾರ್ಸಿಲೋನಾ 1-2ರಿಂದ ಸೋತಿತು. ತುಂಬಾ ಮುಂದೆ ಬಂದು ನಿಂತ ಡಿಫೆನ್ಸ್ ಲೈನ್ ಹಿಂದೆ ವೇಗವಾಗಿ ಓಡುವವರು ಸಿಕ್ಕರೆ ಏನಾಗಬಹುದು ಎಂಬ ಪ್ರಶ್ನೆ ಆಗಸ್ಟ್‌ನಲ್ಲೇ ಹಾಳೆಯ ಮೇಲೆ ಬರಬೇಕಿತ್ತು. ಯಾವ ಥರದ ಎದುರಾಳಿಗೆ ತಂಡ ಒದ್ದಾಡಿತು ಎಂದು ಬರೆದಿಡಿ, ಎಷ್ಟು ಗೋಲಿನಿಂದ ಅನ್ನುವುದು ಅಷ್ಟು ಮುಖ್ಯ ಅಲ್ಲ.

ಗಾಯಗಳು ಮಾತ್ರ ಪೂರ್ತಿ ನಿಜ. 2019ರ ಜುಲೈನಲ್ಲಿ ಆರ್ಸೆನಲ್ ವಿರುದ್ಧದ ಇಂಥದೇ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್‌ನ ಮಾರ್ಕೊ ಅಸೆನ್ಸಿಯೊ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ತಿಂಗಳುಗಟ್ಟಲೆ ಹೊರಗೆ ಉಳಿದರು. ಹಣಕ್ಕಾಗಿ ಖಂಡಾಂತರ ಓಡಿಸಿ ಆಡಿಸುವ ಪ್ರವಾಸಗಳ ಬಗ್ಗೆ ನನಗಿರುವ ಬೇಸರ ಇದೇ. ಆಟಗಾರರ ದೇಹ ಯಂತ್ರ ಅಲ್ಲ.

ಫ್ಯಾಂಟಸಿ ಆಡುವವರಿಗೆ

ನಮ್ಮಲ್ಲಿ ಆಫೀಸು, ಕಾಲೇಜುಗಳಲ್ಲಿ ಫ್ಯಾಂಟಸಿ ಪ್ರೀಮಿಯರ್ ಲೀಗ್ ಆಡುವವರು ತುಂಬಾ ಇದ್ದಾರೆ, ಅವರಿಗೆ ಈ ಪಂದ್ಯಗಳು ಚಿನ್ನ. ನೋಡಬೇಕಾದದ್ದು ನಾಲ್ಕು: ಯಾರು ಎಷ್ಟು ನಿಮಿಷ ಆಡಿದರು, ಕಾರ್ನರ್ ಮತ್ತು ಫ್ರೀ ಕಿಕ್ ಯಾರದು, ಪೆನಾಲ್ಟಿ ಯಾರದು, ಮಿಡ್‌ಫೀಲ್ಡರ್ ಎಂದು ಪಟ್ಟಿಯಲ್ಲಿರುವವನು ನಿಜವಾಗಿ ಎಷ್ಟು ಮುಂದೆ ನಿಲ್ಲುತ್ತಾನೆ. ಕೊನೆಯ ಎರಡು ತಯಾರಿ ಪಂದ್ಯಗಳ ನಿಮಿಷಗಳಿಗೆ ಹೆಚ್ಚು ಬೆಲೆ ಕೊಡಿ. ಪೆನಾಲ್ಟಿ ವಿಷಯದಲ್ಲಿ ಸ್ವಲ್ಪ ಎಚ್ಚರ: ಹೊಸ ಸ್ಟ್ರೈಕರ್‌ಗೆ ಧೈರ್ಯ ಬರಲಿ ಎಂದು ಫ್ರೆಂಡ್ಲಿಯಲ್ಲಿ ಅವನಿಗೆ ಬಿಟ್ಟುಕೊಡುವುದುಂಟು. ತಂಡವನ್ನು ಜುಲೈನಲ್ಲೇ ಅಂತಿಮ ಮಾಡಬೇಡಿ, ಗಡುವು ಇರುವುದು ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ.

ಲಂಡನ್‌ನಲ್ಲಿ ಇದ್ದರೆ ಹೋಗಿಯೇ ನೋಡಿ

ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗುವ ಕನ್ನಡಿಗರು, ಅಲ್ಲೇ ಕೆಲಸದಲ್ಲಿರುವವರು ಎಮಿರೇಟ್ಸ್ ಕಪ್ ಬಿಡಬೇಡಿ. ಆರ್ಸೆನಲ್‌ನ ಲೀಗ್ ಪಂದ್ಯದ ಟಿಕೆಟ್ ಸಿಗುವುದು ತುಂಬಾ ಕಷ್ಟ, ಇದು ಅದಕ್ಕಿಂತ ಸುಲಭ, ಬೆಲೆಯೂ ಕಡಿಮೆ. ಸಾಮಾನ್ಯವಾಗಿ ಕ್ಲಬ್ ಸದಸ್ಯರಿಗೆ ಮೊದಲು ಮಾರುತ್ತಾರೆ, ಹಾಗಾಗಿ ತಾರೀಖು ಪ್ರಕಟ ಆಗುವ ಮುಂಚೆಯೇ ಸದಸ್ಯತ್ವ ಬೇಕಾ ಎಂದು ಯೋಚಿಸಿ. ಕ್ಲಬ್ ವೆಬ್‌ಸೈಟ್ ಬಿಟ್ಟು ಬೇರೆ ಎಲ್ಲೂ ಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು ಅಪರಾಧ. ಟಿಕೆಟ್ ಫೋನಿನಲ್ಲೇ ಬರುತ್ತದೆ, ಚಾರ್ಜ್ ನೋಡಿಕೊಳ್ಳಿ. ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಒಯ್ಯಬೇಡಿ.

ಟ್ಯೂಬ್‌ಗೆ, ಅಂದರೆ ಲಂಡನ್ ಮೆಟ್ರೋಗೆ, ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಸಾಕು. ಹತ್ತಿರದ್ದು ಪಿಕಡಿಲಿ ಲೈನ್‌ನ ಆರ್ಸೆನಲ್ ಸ್ಟೇಷನ್. 1932ಕ್ಕೆ ಮುಂಚೆ ಅದರ ಹೆಸರು ಗಿಲೆಸ್ಪಿ ರೋಡ್ ಆಗಿತ್ತು, ಕ್ಲಬ್‌ನ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಹಠ ಹಿಡಿದು ಬದಲಾಯಿಸಿದರು. ಪಕ್ಕದ ಹಾಲೊವೇ ರೋಡ್ ಸ್ಟೇಷನ್ನಿಗೆ ಪಂದ್ಯದ ದಿನ ಕಟ್ಟುಪಾಡು ಇರುತ್ತದೆ, ಅದನ್ನು ನಂಬಿಕೊಂಡು ಹೋಗಬೇಡಿ. ಬೆಳಗ್ಗೆ ಸಮಯ ಇದ್ದರೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಿಂದ ಇರುವ ಬಸವಣ್ಣನ ಪ್ರತಿಮೆ ನೋಡಿಕೊಂಡು, ವಾಕ್ಸ್‌ಹಾಲ್‌ವರೆಗೆ ನಡೆದು ವಿಕ್ಟೋರಿಯಾ ಲೈನ್ ಹತ್ತಿ. ಹೈಬರಿ ಆ್ಯಂಡ್ ಇಸ್ಲಿಂಗ್ಟನ್‌ಗೆ ಬದಲಾಯಿಸುವ ಗೋಜಿಲ್ಲದೆ ನೇರವಾಗಿ ಬರುತ್ತದೆ, ಅಲ್ಲಿಂದ ಜನರ ಹಿಂದೆ ನಡೆದರೆ ಸ್ಟೇಡಿಯಂ.

ಕಿಕ್ ಆಫ್‌ಗೆ ಒಂದು ಗಂಟೆ ಮುಂಚೆ ಒಳಗಿರಿ. ವಾರ್ಮಪ್ ನೋಡುವುದು ಟಿವಿಯಲ್ಲಿ ಸಿಗದ ಭಾಗ್ಯ, ಯಾರು ಸ್ವಲ್ಪ ಕುಂಟುತ್ತಿದ್ದಾರೆ, ಯಾವ ಹುಡುಗನ ಜೊತೆ ಕೋಚ್ ನಿಂತು ಮಾತಾಡುತ್ತಿದ್ದಾನೆ ಎಲ್ಲ ಕಾಣುತ್ತದೆ. ಸೀಟು ಮೇಲಿನ ಹಂತದಲ್ಲಿ ಸಿಕ್ಕರೆ ಬೇಜಾರು ಬೇಡ. ಹನ್ನೊಂದು ಚುಕ್ಕಿಗಳ ಚಿತ್ರ ಅಲ್ಲಿಂದಲೇ ಚೆನ್ನಾಗಿ ಕಾಣುವುದು. ಪಂದ್ಯ ಮುಗಿದ ಕೂಡಲೇ ಎಲ್ಲರೂ ಆರ್ಸೆನಲ್ ಸ್ಟೇಷನ್ ಕಡೆ ನುಗ್ಗುತ್ತಾರೆ. ನೀವು ಹದಿನೈದು ನಿಮಿಷ ನಡೆದು ಫಿನ್ಸ್‌ಬರಿ ಪಾರ್ಕ್‌ಗೆ ಹೋಗಿ, ಪಿಕಡಿಲಿ, ವಿಕ್ಟೋರಿಯಾ ಎರಡೂ ಲೈನ್ ಅಲ್ಲಿ ಸಿಗುತ್ತವೆ.